ಒಂದೇ ಓಟದ 815: ಫಿಯಟ್ ಬಿಡಿಭಾಗಗಳಿಂದ ಹುಟ್ಟಿದ ಕಾರು ಗುರಿ ಮುಟ್ಟಲಿಲ್ಲವೇಕೆ?

ಓದುಗರ ಪ್ರಶ್ನೆ: ನಮ್ಮ ತಂದೆಯವರು 1968ರಲ್ಲಿ ಕೊಂಡ ಫಿಯಟ್ 1100 ಡಿ ಕಾರು ಮೈಸೂರಿನ ನಮ್ಮ ಮನೆಯಲ್ಲಿ ಇಂದಿಗೂ ಇದೆ. ಎಂಜಿನ್ ತಿರುಗುತ್ತದೆ, ಆದರೆ ಹೊಗೆ ಹೆಚ್ಚು. ಓವರ್‌ಹಾಲ್ ಮಾಡಿಸಲೇಬೇಕಾದ ಸ್ಥಿತಿ. ಎಂಜೊ ಫೆರಾರಿಯವರು ಸ್ವಂತವಾಗಿ ಕಟ್ಟಿದ ಮೊದಲ ಕಾರು ಇದೇ ಫಿಯಟ್ 1100ರ ಎರಡು ಎಂಜಿನ್‌ಗಳನ್ನು ಜೋಡಿಸಿ ಮಾಡಿದ್ದೆಂದೂ, ಅದು ಒಂದೇ ಒಂದು ಓಟದಲ್ಲಿ ಭಾಗವಹಿಸಿ ಕೆಟ್ಟು ನಿಂತಿತೆಂದೂ ಈಚೆಗೆ ಓದಿದೆ. ನನ್ನ ತಮ್ಮ, ‘ಫೆರಾರಿಯವರೇ ಆ ಎಂಜಿನ್ನನ್ನು ರೇಸಿಗೆ ಒಗ್ಗಿಸಿದ್ದರು, ನಾವೂ ಹೆಡ್ ಫೇಸಿಂಗ್ (ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ಡಿನ ತಳವನ್ನು ಕಡೆಸುವುದು) ಮಾಡಿಸಿ, ಎರಡು ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಹಾಕಿಸಿ ಹಳೆಯ ಕಾರುಗಳ ರ್‍ಯಾಲಿಗೆ ಇಳಿಸೋಣ’ ಎನ್ನುತ್ತಾನೆ. ನನಗೆ ಅಂಜಿಕೆ. ಆ ಕಾರಿನ ಕಥೆ ನಿಜವೇ? ಅದು ಕೆಟ್ಟು ನಿಂತದ್ದು ಫಿಯಟ್ ಎಂಜಿನ್ನಿನ ದೋಷದಿಂದಲೇ? ನಮ್ಮ ಕಾರನ್ನು ಏನು ಮಾಡಿಸುವುದು ಒಳ್ಳೆಯದು? ನನ್ನ ಮಗಳು ಇಟಲಿಯ ಬೊಲೋನ್ಯಾದಲ್ಲಿ ಓದುತ್ತಿದ್ದಾಳೆ. ಮುಂದಿನ ವರ್ಷ ಅಲ್ಲಿಗೆ ಹೋದಾಗ ಆ ಕಾರನ್ನು ನೋಡಲು ಸಾಧ್ಯವೇ?

ಉತ್ತರ:

ನಿಮ್ಮ ಅಂಜಿಕೆಗೂ ನಿಮ್ಮ ತಮ್ಮನವರ ಉತ್ಸಾಹಕ್ಕೂ ಮೂಲ ಒಂದೇ ಕಥೆಯಾಗಿರುವುದರಿಂದ ಮೊದಲು ಆ ಕಥೆಯನ್ನು ಸರಿಯಾಗಿ ನೋಡೋಣ. ಮೂವತ್ತು ವರ್ಷಗಳಿಂದ ಹಳೆಯ ಎಂಜಿನ್‌ಗಳನ್ನು ಬಿಚ್ಚಿ ಕಟ್ಟುವ ಕೆಲಸದಲ್ಲಿರುವ ನನ್ನ ಬಳಿಗೆ ಫಿಯಟ್ 1100 ಮತ್ತು ಪ್ರೀಮಿಯರ್ ಪದ್ಮಿನಿ ಎಂಜಿನ್‌ಗಳು ಲೆಕ್ಕವಿಲ್ಲದಷ್ಟು ಬಂದಿವೆ. ಅವುಗಳನ್ನು ಬಿಚ್ಚಿದಾಗಲೆಲ್ಲ ನನಗೆ 1940ರ ಆ ಕಾರಿನ ನೆನಪಾಗುವುದುಂಟು. ಕಾರಣ, ನಿಮ್ಮ ಕಾರಿಗೂ ಅದಕ್ಕೂ ಇರುವ ನಂಟು ನಿಜವಾದದ್ದು. ಆದರೆ ನೀವು ಓದಿರುವ ರೂಪದಲ್ಲಿ ಅದು ಪೂರ್ತಿ ನಿಜವಲ್ಲ.

ಆ ಕಾರಿನ ಹೆಸರು 815. ಎಂಟು ಸಿಲಿಂಡರು, ಒಂದೂವರೆ ಲೀಟರು ಎಂಬುದೇ ಆ ಸಂಖ್ಯೆಯ ಅರ್ಥ. ಅದರ ಮೇಲೆ ಫೆರಾರಿ ಎಂಬ ಹೆಸರು ಎಲ್ಲಿಯೂ ಇರಲಿಲ್ಲ, ಇರುವಂತೆಯೂ ಇರಲಿಲ್ಲ. ಎಂಜೊ ಫೆರಾರಿಯವರು 1929ರಲ್ಲಿ ಇಟಲಿಯ ಮೊಡೆನಾ ನಗರದಲ್ಲಿ ತಮ್ಮ ಸ್ಕುದೇರಿಯಾ ಎಂಬ ರೇಸಿಂಗ್ ತಂಡವನ್ನು ಕಟ್ಟಿ ಆಲ್ಫಾ ರೋಮಿಯೊ ಕಾರುಗಳನ್ನು ಓಡಿಸುತ್ತಿದ್ದರು. 1939ರಲ್ಲಿ ಆ ಕಂಪನಿಯಿಂದ ಹೊರಬಂದಾಗ, ನಾಲ್ಕು ವರ್ಷ ತಮ್ಮ ಹೆಸರನ್ನು ಮೋಟಾರು ಸ್ಪರ್ಧೆಗೆ ಬಳಸುವಂತಿಲ್ಲ ಎಂಬ ಕರಾರಿಗೆ ಒಳಪಟ್ಟಿದ್ದರು. ಆದ್ದರಿಂದ ಮೊಡೆನಾದ ಹಳೆಯ ಜಾಗದಲ್ಲೇ ‘ಆಉತೊ ಆವಿಯೊ ಕೊಸ್ತ್ರುತ್ಸಿಯೋನಿ’ ಎಂಬ ಹೆಸರಿನಲ್ಲಿ ಒಂದು ಕಾರ್ಖಾನೆ ತೆರೆದರು. ಮೋಟಾರು ಮತ್ತು ವಿಮಾನಗಳ ನಿರ್ಮಾಣ ಎಂಬುದು ಆ ಹೆಸರಿನ ತಾತ್ಪರ್ಯ. 815 ಕಾರಿನ ಮೇಲೆ ಇದ್ದದ್ದು ಈ ಕಾರ್ಖಾನೆಯ ಗುರುತು. ಇದನ್ನು ‘ಮೊದಲ ಫೆರಾರಿ’ ಎನ್ನಬೇಕೇ ಬೇಡವೇ ಎಂಬ ಚರ್ಚೆ ಇಂದಿಗೂ ನಡೆಯುತ್ತದೆ. ಫೆರಾರಿಯವರ ಹೆಸರು ಹೊತ್ತ ಮೊದಲ ಕಾರು 1947ರ 125 ಎಸ್. ಅವರು ಸ್ವತಂತ್ರವಾಗಿ ಕಟ್ಟಿಸಿದ ಮೊದಲ ಕಾರು 1940ರ 815. ಈ ಎರಡು ಮಾತುಗಳೂ ಏಕಕಾಲಕ್ಕೆ ಸತ್ಯವಾಗಿರುವುದರಿಂದ ನನಗೆ ಆ ಚರ್ಚೆಯಲ್ಲಿ ಹೆಚ್ಚು ಹುರುಳು ಕಂಡಿಲ್ಲ.

ಹುರುಳಿರುವುದು ಅದನ್ನು ಕಟ್ಟಿದ ಬಗೆಯಲ್ಲಿ. 1939ರ ಡಿಸೆಂಬರಿನಲ್ಲಿ ಇಬ್ಬರು ಯುವಕರು ಫೆರಾರಿಯವರನ್ನು ಕಂಡು, ಮುಂದಿನ ಏಪ್ರಿಲ್‌ನ ಬ್ರೆಷಾ ಊರಿನ ರಸ್ತೆ ಓಟಕ್ಕೆ ತಮಗೆ ಎರಡು ಕಾರು ಬೇಕೆಂದು ಕೇಳಿಕೊಂಡರು. ಒಬ್ಬರು ಮೊಡೆನಾದ ಶ್ರೀಮಂತ ಮನೆತನದ ಲೋತಾರಿಯೊ ರಂಗೋನಿ ಮಾಕಿಯಾವೆಲ್ಲಿ. ಇನ್ನೊಬ್ಬರು ಇಪ್ಪತ್ತೊಂದು ವರ್ಷದ ಆಲ್ಬೆರ್ತೊ ಅಸ್ಕಾರಿ. ಅಸ್ಕಾರಿಯ ತಂದೆ ಆಂತೊನಿಯೊ, ಫೆರಾರಿಯವರ ಹಳೆಯ ಗೆಳೆಯ ಮತ್ತು ಆಲ್ಫಾ ತಂಡದ ಚಾಲಕ. 1925ರ ಫ್ರೆಂಚ್ ಗ್ರ್ಯಾನ್ ಪ್ರೀ ಓಟದಲ್ಲಿ ಮಡಿದವರು. ಮಗ ಅದುವರೆಗೆ ಮೋಟಾರ್ ಸೈಕಲ್ ರೇಸುಗಳಲ್ಲಿ ಹೆಸರು ಮಾಡಿದ್ದರೇ ಹೊರತು ನಾಲ್ಕು ಚಕ್ರದ ಸ್ಪರ್ಧೆಗೆ ಹೊಸಬರು. ಓಟ ಇದ್ದದ್ದು 1940ರ ಏಪ್ರಿಲ್ 28ರಂದು. ಅಂದರೆ ಚಿತ್ರ ಬರೆದು, ಎರಕ ಹೊಯ್ದು, ಯಂತ್ರ ಕಟ್ಟಿ, ಓಡಿಸಿ ನೋಡಲು ಉಳಿದದ್ದು ಕೇವಲ ನಾಲ್ಕು ತಿಂಗಳು. ಈ ನಾಲ್ಕು ತಿಂಗಳೆಂಬ ಸಂಗತಿಯನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ, ನಿಮ್ಮ ಮುಖ್ಯ ಪ್ರಶ್ನೆಗೆ ಅದರಲ್ಲೇ ಉತ್ತರವಿದೆ.

ಇಷ್ಟು ಕಡಿಮೆ ಅವಧಿಯಲ್ಲಿ ಎಲ್ಲವನ್ನೂ ಹೊಸದಾಗಿ ಮಾಡುವುದು ಯಾರಿಂದಲೂ ಆಗದ ಕೆಲಸ. ಹಾಗಾಗಿ ವಿನ್ಯಾಸದ ಹೊಣೆ ಹೊತ್ತ ಆಲ್ಬೆರ್ತೊ ಮಸ್ಸಿಮಿನೊ, ಅವರಿಗೆ ಜೊತೆಯಾದ ವಿತ್ತೋರಿಯೊ ಬೆಲ್ಲೆಂತಾನಿ, ಓಡಿಸಿ ಪರೀಕ್ಷಿಸುವ ಕೆಲಸದ ಎನ್ರಿಕೊ ನಾರ್ಡಿ ಮೂವರೂ ಪೇಟೆಯಲ್ಲಿ ಸುಲಭವಾಗಿ ಸಿಗುತ್ತಿದ್ದ ಫಿಯಟ್ 508 ಸಿ, ಅಂದರೆ 1937ರಲ್ಲಿ ಬಂದ ಮೊದಲ 1100 ಕಾರಿನ ಭಾಗಗಳನ್ನು ಆಧಾರವಾಗಿಟ್ಟುಕೊಂಡರು. ಫಿಯಟ್ ಭಾಗಗಳಿಂದ ಕಟ್ಟಿದ ಕಾರು ತನ್ನ ವರ್ಗದಲ್ಲಿ ಗೆದ್ದರೆ ಫಿಯಟ್ ಕಂಪನಿಯೇ ಬಹುಮಾನದ ಹಣ ಕೊಡುತ್ತಿದ್ದುದೂ ಈ ಆಯ್ಕೆಗೆ ಒಂದು ಕಾರಣ.

ಈಗ ‘ಎರಡು ಎಂಜಿನ್ ಜೋಡಿಸಿದರು’ ಎಂಬ ಮಾತಿಗೆ ಬರುತ್ತೇನೆ. ಇದು ತಪ್ಪೆಂದು ತೋರಿಸಲು ಒಂದು ಗುಣಾಕಾರ ಸಾಕು. 508 ಸಿ ಎಂಜಿನ್ನಿನ ಬೋರ್ (ಸಿಲಿಂಡರಿನ ಒಳವ್ಯಾಸ) 68 ಮಿ.ಮೀ., ಸ್ಟ್ರೋಕ್ (ಅದರೊಳಗೆ ಪಿಸ್ಟನ್ ಓಡಾಡುವ ದೂರ) 75 ಮಿ.ಮೀ., ನಾಲ್ಕು ಸಿಲಿಂಡರಿನ ಒಟ್ಟು ಗಾತ್ರ 1089 ಸಿ.ಸಿ. ಎರಡನ್ನು ಜೋಡಿಸಿದ್ದರೆ 2178 ಸಿ.ಸಿ. ಆಗಬೇಕಿತ್ತು, 1500 ಸಿ.ಸಿ. ವರ್ಗದಲ್ಲಿ ಅದಕ್ಕೆ ಪ್ರವೇಶವೇ ಇರುತ್ತಿರಲಿಲ್ಲ. 815ರ ಬೋರ್ 63 ಮಿ.ಮೀ., ಸ್ಟ್ರೋಕ್ 60 ಮಿ.ಮೀ., ಗಾತ್ರ 1496 ಸಿ.ಸಿ. ಫಿಯಟ್‌ನಿಂದ ತೆಗೆದುಕೊಂಡದ್ದು ಎರಡು ಸಿಲಿಂಡರ್ ಹೆಡ್‌ಗಳನ್ನು. ಅವನ್ನು ಒಂದರ ಹಿಂದೆ ಒಂದರಂತೆ ಕೂರಿಸಿದರು. ಅವುಗಳ ಕೆಳಗಿನ ಬ್ಲಾಕು, ಅಂದರೆ ಸಿಲಿಂಡರುಗಳಿರುವ ಒಡಲು, ಬೊಲೋನ್ಯಾದ ಕಾಲ್ತ್ಸೋನಿ ಎರಕದ ಮನೆಯಲ್ಲಿ ಅಲ್ಯೂಮಿನಿಯಮ್ಮಿನಲ್ಲಿ ಹೊಸದಾಗಿ ಹೊಯ್ದದ್ದು. ಪಿಸ್ಟನ್ನುಗಳ ಓಡಾಟವನ್ನು ತಿರುಗುವಿಕೆಗೆ ಬದಲಿಸುವ, ಐದು ಬೇರಿಂಗುಗಳ ಮೇಲೆ ತಿರುಗುವ ಕ್ರ್ಯಾಂಕ್ ಶಾಫ್ಟನ್ನೂ ವಾಲ್ವುಗಳನ್ನು ತೆರೆಸುವ ಕ್ಯಾಮ್ ಶಾಫ್ಟನ್ನೂ ಮೊಡೆನಾದಲ್ಲೇ ತಯಾರಿಸಿದರು. ಗೇರ್‌ಬಾಕ್ಸು ಫಿಯಟ್‌ನದೇ ಆದರೂ ಒಳಗಿನ ಹಲ್ಲುಚಕ್ರಗಳನ್ನು ತಾವೇ ಕಡೆದರು. ನಾಲ್ಕು ವೆಬರ್ ಕಾರ್ಬ್ಯುರೇಟರುಗಳು ಸೇರಿ ಸುಮಾರು 5500 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ) 75 ಅಶ್ವಶಕ್ತಿ ಬರುತ್ತಿತ್ತು. ಮೂಲ ಫಿಯಟ್ ಎಂಜಿನ್ 4000 ಆರ್‌ಪಿಎಂನಲ್ಲಿ 32 ಅಶ್ವಶಕ್ತಿ ಕೊಡುತ್ತಿತ್ತು. ಲೀಟರ್ ಲೆಕ್ಕದಲ್ಲಿ ಹೇಳುವುದಾದರೆ 29ರಷ್ಟಿದ್ದದ್ದು 50ಕ್ಕೆ ಏರಿತು.

ಸ್ಟ್ರೋಕನ್ನು 75ರಿಂದ 60ಕ್ಕೆ ಇಳಿಸಿದ್ದರಲ್ಲಿ ಮಸ್ಸಿಮಿನೊ ಅವರ ಜಾಣತನವೆಲ್ಲ ಅಡಗಿದೆ ಎಂದು ನನಗೆ ಅನಿಸುತ್ತದೆ. ಸಿಲಿಂಡರುಗಳ ನಡುವಿನ ಅಂತರವನ್ನು ಫಿಯಟ್ ಹೆಡ್ಡೇ ನಿಗದಿ ಮಾಡಿಬಿಡುತ್ತದೆ, ಅದನ್ನು ಬದಲಿಸುವಂತಿಲ್ಲ. ಆದರೆ ಪಿಸ್ಟನ್ ಎಷ್ಟು ದೂರ ಓಡಾಡಬೇಕೆಂಬುದು ಹೊಸ ಕ್ರ್ಯಾಂಕನ್ನು ಬರೆಯುವವರ ಕೈಯಲ್ಲಿದೆ. 60 ಮಿ.ಮೀ. ಸ್ಟ್ರೋಕಿನಲ್ಲಿ 5500 ಆರ್‌ಪಿಎಂ ಎಂದರೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 11 ಮೀಟರು. ಹಳೆಯ 75 ಮಿ.ಮೀ. ಇಟ್ಟುಕೊಂಡೇ ಅದೇ ಆರ್‌ಪಿಎಂ ತಲಪಿದ್ದರೆ ಸುಮಾರು 13.8 ಮೀಟರು ಆಗುತ್ತಿತ್ತು, ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಎಳೆತವೂ ಆ ಪ್ರಮಾಣದಲ್ಲಿ ಏರುತ್ತಿತ್ತು. ಎಂಜಿನ್ನಿನ ಕೆಳಭಾಗವನ್ನು ಅವರು ಹೀಗೆ ಕಾಪಾಡಿಕೊಂಡರು.

ಮೇಲ್ಭಾಗಕ್ಕೆ ಆ ರಕ್ಷಣೆ ಇರಲಿಲ್ಲ. ಗಾಳಿ ಹೊಗೆಗಳ ಬಾಗಿಲಾದ ವಾಲ್ವು, ಅದನ್ನು ಮುಚ್ಚುವ ಸ್ಪ್ರಿಂಗು, ಕ್ಯಾಮಿನ ತಳ್ಳನ್ನು ವಾಲ್ವಿಗೆ ಮುಟ್ಟಿಸುವ ಪುಷ್ ರಾಡು ಮತ್ತು ರಾಕರುಗಳ ಏರ್ಪಾಡೆಲ್ಲ 4000 ಆರ್‌ಪಿಎಂನ ಮನೆಬಳಕೆಯ ಕಾರಿಗಾಗಿ ಹುಟ್ಟಿದ್ದು. ಹಿಂದೆಮುಂದೆ ಓಡಾಡುವ ಭಾಗಗಳ ಮೇಲಿನ ಹೊರೆ ಆರ್‌ಪಿಎಂನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ ಸಂಖ್ಯೆಗೆ) ತಕ್ಕಂತೆ ಏರುತ್ತದೆ. 4000ದಿಂದ 5500ಕ್ಕೆ ಹೋದರೆ ವೇಗ ಏರುವುದು ಶೇ. 37ರಷ್ಟು ಮಾತ್ರ, ಆದರೆ ಹೊರೆ ಏರುವುದು ಶೇ. 89ರಷ್ಟು. ಸ್ಪ್ರಿಂಗು ಬಿಗಿ ಸಾಲದಿದ್ದರೆ ವಾಲ್ವು ತನ್ನ ಪೀಠಕ್ಕೆ ಹೊತ್ತಿಗೆ ಸರಿಯಾಗಿ ಮರಳುವುದಿಲ್ಲ, ಪುಟಿಯತೊಡಗುತ್ತದೆ; ಸ್ಪ್ರಿಂಗನ್ನು ಬಿಗಿ ಮಾಡಿದರೆ ರಾಕರಿಗೂ ಪುಷ್ ರಾಡಿಗೂ ಆ ಬಿಗಿಯನ್ನು ಸದಾ ಹೊರುವ ಶಿಕ್ಷೆ. ಫಿಯಟ್ ಕಂಪನಿಯು ತಾನೇ ಮಿಲ್ಲೆ ಮಿಲ್ಯಾ ಎಂಬ ರಸ್ತೆ ಓಟಕ್ಕಾಗಿ ತಯಾರಿಸಿದ 508 ಸಿ ಕಾರಿನಲ್ಲಿ ಈ ಎಂಜಿನ್ನಿನಿಂದ ತೆಗೆದದ್ದು 42 ಅಶ್ವಶಕ್ತಿ ಮಾತ್ರ. ಹೆಡ್ಡನ್ನು ತಯಾರಿಸಿದವರೇ ಎಷ್ಟರಲ್ಲಿ ಕೈ ಬಿಗಿ ಹಿಡಿದಿದ್ದರು ಎಂಬುದಕ್ಕೆ ಇದು ಒಳ್ಳೆಯ ಗುರುತು.

ಓಟದ ಕಡೆಗೆ ಬರೋಣ. ಬ್ರೆಷಾದಿಂದ ರೋಮ್‌ವರೆಗೆ ಹೋಗಿ ಮರಳುವ ಮಿಲ್ಲೆ ಮಿಲ್ಯಾ ಎಂಬ ಸಾವಿರ ಮೈಲಿಯ ರಸ್ತೆ ಓಟದಲ್ಲಿ, 1938ರಲ್ಲಿ ಬೊಲೋನ್ಯಾದಲ್ಲಿ ಕಾರೊಂದು ಜನರ ಮೇಲೆ ನುಗ್ಗಿ ಮಕ್ಕಳೂ ಸೇರಿ ಹತ್ತು ಮಂದಿ ಸತ್ತರು. ಸರ್ಕಾರ ಆ ಓಟವನ್ನು ನಿಷೇಧಿಸಿತು. 1940ರಲ್ಲಿ ಅದು ಮರಳಿದ್ದು ಬ್ರೆಷಾ ಗ್ರ್ಯಾನ್ ಪ್ರೀ ಎಂಬ ಹೆಸರಿನಲ್ಲಿ, ಬ್ರೆಷಾ, ಕ್ರೆಮೋನಾ ಮತ್ತು ಮಾಂತೊವಾ ಊರುಗಳನ್ನು ಸೇರಿಸುವ ತ್ರಿಕೋನ ಹಾದಿಯಲ್ಲಿ. ಒಂದು ಸುತ್ತು ಸುಮಾರು 165 ಕಿ.ಮೀ.; ಒಟ್ಟು ಒಂಬತ್ತು ಸುತ್ತು. ಪೋ ನದಿಯ ಬಯಲಿನ ಚಪ್ಪಟೆ ಹಾದಿ ಅದು. ಘಾಟಿ ರಸ್ತೆಯಲ್ಲಾದರೆ ತಿರುವು ಬಂದಾಗಲೆಲ್ಲ ಕಾಲು ತೆಗೆಯಲೇಬೇಕಾಗುತ್ತದೆ, ಎಂಜಿನ್ನಿಗೆ ಒಂದಿಷ್ಟು ಉಸಿರಾಡಲು ಬಿಡುವು ಸಿಗುತ್ತದೆ. ಇಲ್ಲಿ ಮೈಲುಗಟ್ಟಲೆ ನೇರ ದಾರಿಯಲ್ಲಿ ಆಕ್ಸಿಲರೇಟರನ್ನು ಒತ್ತಿ ಹಿಡಿದೇ ಹೋಗಬೇಕು. ಹೊಸ ಎಂಜಿನ್ನಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆಯನ್ನು ನಾನು ಊಹಿಸಲಾರೆ.

ಮಿಲಾನಿನ ಟೂರಿಂಗ್ ಸಂಸ್ಥೆಯು ತನ್ನ ಸೂಪರ್‌ಲೆಜ್ಜೇರಾ ವಿಧಾನದಲ್ಲಿ, ತೆಳುವಾದ ಕೊಳವೆಗಳ ಹಂದರಕ್ಕೆ ಹಗುರ ಮಿಶ್ರಲೋಹದ ಹಾಳೆ ಹೊದಿಸಿ, 815ಕ್ಕೆ ಮೈ ಕಟ್ಟಿತ್ತು. ಆ ಮೈಯ ತೂಕ ಕೇವಲ 54 ಕಿಲೊ. ಚಕ್ರಗಳ ಮೇಲಿಂದ ಹಿಂದಕ್ಕೆ ನೀಳವಾಗಿ ಹರಿಯುವ ಆ ರೆಕ್ಕೆಗಳ ಗೆರೆಯನ್ನು ನೋಡಿದರೆ ಅದು ನಾಲ್ಕು ತಿಂಗಳಲ್ಲಿ ಅವಸರವಾಗಿ ಮಾಡಿದ್ದೆಂದು ಯಾರೂ ಹೇಳಲಾರರು. ಗಂಟೆಗೆ ಸುಮಾರು 170 ಕಿ.ಮೀ. ವೇಗ ಅದರ ಅಳವಿನಲ್ಲಿತ್ತು. ಅಂದು ಒಟ್ಟಾರೆ ಗೆದ್ದ ಜರ್ಮನಿಯ ಬಿಎಂಡಬ್ಲ್ಯು 328 ಕಾರಿಗೂ ಮೈ ಕಟ್ಟಿಕೊಟ್ಟವರು ಇದೇ ಟೂರಿಂಗ್‌ನವರೇ. ಹುಷ್ಕೆ ಫಾನ್ ಹಾನ್‌ಸ್ಟೈನ್ ಮತ್ತು ವಾಲ್ಟರ್ ಬಾಯ್ಮರ್ ಓಡಿಸಿದ ಆ ಕಾರಿನ ಸರಾಸರಿ ಗಂಟೆಗೆ 166.7 ಕಿ.ಮೀ.

ಒಂದು 815ರಲ್ಲಿ ಅಸ್ಕಾರಿ ಮತ್ತು ಅವರ ಬಂಧು ಜೊವಾನ್ನಿ ಮಿನೋತ್ಸಿ, ಇನ್ನೊಂದರಲ್ಲಿ ರಂಗೋನಿ ಮತ್ತು ನಾರ್ಡಿ ಕುಳಿತಿದ್ದರು. ಮೊದಲ ಸುತ್ತಿನಲ್ಲೇ ಅಸ್ಕಾರಿ 1500 ಸಿ.ಸಿ. ವರ್ಗದ ಮುಂಚೂಣಿಗೆ ಬಂದರು; ಅನಂತರ ವಾಲ್ವುಗಳ ಏರ್ಪಾಡು ಮುರಿದು ಓಟದಿಂದ ಹೊರಬಿದ್ದರು. ಮುಂಚೂಣಿ ರಂಗೋನಿಯವರ ಕೈಗೆ ಬಂತು. ಅವರು ಗಂಟೆಗೆ ಸುಮಾರು 146 ಕಿ.ಮೀ. ಸರಾಸರಿಯಲ್ಲಿ ತಮ್ಮ ವರ್ಗದ ಸುತ್ತಿನ ದಾಖಲೆ ಮಾಡಿ, ಹಿಂದಿದ್ದವರನ್ನು ಅರ್ಧ ಗಂಟೆಗೂ ಮಿಕ್ಕಿ ಹಿಂದಿಕ್ಕಿದ್ದರು. ಏಳು ಸುತ್ತು ಮುಗಿದು, ಇನ್ನೆರಡೇ ಸುತ್ತು ಉಳಿದಿದ್ದಾಗ ಆ ಕಾರಿನ ಯಂತ್ರವೂ ಕೈಕೊಟ್ಟಿತು. ಎರಡೂ ಕಾರುಗಳು ಗುರಿ ಮುಟ್ಟಲಿಲ್ಲ.

ಸೋಲು ಎಂದು ಬರೆದು ಮುಗಿಸುವವರು ಇಲ್ಲಿಗೆ ನಿಲ್ಲಿಸುತ್ತಾರೆ. ನಾನು ಹಾಗೆ ಓದುವುದಿಲ್ಲ. ಏಳು ಸುತ್ತು ಎಂದರೆ 1150 ಕಿ.ಮೀ.ಗೂ ಹೆಚ್ಚು ದೂರ, ಹೆಚ್ಚುಕಡಿಮೆ ಎಂಟು ಗಂಟೆಗಳ ನಿರಂತರ ಪೂರ್ಣ ಓಟ. ನಾಲ್ಕು ತಿಂಗಳ ಹಿಂದೆ ಕಾಗದದ ಮೇಲೂ ಇಲ್ಲದ ಎಂಜಿನ್ ಎಂಟು ಗಂಟೆ ಆ ಬಗೆಯ ಹೊರೆಯನ್ನು ತಾಳಿತೆಂದರೆ ಅದರ ಕಲ್ಪನೆ ಸರಿಯಾಗಿತ್ತೆಂದೇ ಅರ್ಥ. ಕೊರತೆ ಇದ್ದದ್ದು ಪರೀಕ್ಷೆಗೆ ಬೇಕಾದ ಸಮಯದ್ದು. ಸಾಮಾನ್ಯವಾಗಿ ಹೊಸ ಎಂಜಿನ್ನನ್ನು ಟೆಸ್ಟ್ ಬೆಂಚಿನ ಮೇಲೆ ಕೂರಿಸಿ, ದಿನಗಟ್ಟಲೆ ಓಡಿಸಿ, ಮುರಿಯುವ ಭಾಗ ಯಾವುದೋ ಅದನ್ನು ಅಲ್ಲೇ ಮುರಿಸಿ, ಗಟ್ಟಿ ಮಾಡಿ, ಮತ್ತೆ ಓಡಿಸುತ್ತಾರೆ. 815ರ ಪಾಲಿಗೆ ಓಟದ ರಸ್ತೆಯೇ ಟೆಸ್ಟ್ ಬೆಂಚು ಆಯಿತು. ಅಲ್ಲಿ ಕಂಡ ದೋಷಗಳನ್ನು ತಿದ್ದಿ ಇನ್ನೊಂದು ಓಟಕ್ಕೆ ತರಲು ಕಾಲ ಕೂಡಿಬರಲಿಲ್ಲ. ಸರಿಯಾಗಿ ನಲವತ್ಮೂರು ದಿನಗಳ ಬಳಿಕ, ಜೂನ್ 10ರಂದು, ಇಟಲಿ ಯುದ್ಧಕ್ಕೆ ಇಳಿಯಿತು. ರಂಗೋನಿ ಯುದ್ಧದ ಅವಧಿಯಲ್ಲೇ ತೀರಿಕೊಂಡರು, ಅವರ ಕಾರು ಆಮೇಲೆ ಗುಜರಿಗೆ ಹೋಯಿತು. ಅಸ್ಕಾರಿಯ ಕಾರು ಉಳಿಯಿತು. ಯುದ್ಧ ಮುಗಿದ ಮೇಲೆ ಎನ್ರಿಕೊ ಬೆಲ್ತ್ರಾಕ್ಕೀನಿ ಎಂಬವರ ಕೈಗೆ ಬಂದು 1947ರಲ್ಲಿ ಸ್ವಲ್ಪ ಕಾಲ ರೇಸುಗಳಲ್ಲಿ ಓಡಿತು; ಹಾಗಾಗಿ ‘ಒಂದೇ ಓಟ’ ಎಂಬುದು ಫೆರಾರಿಯವರ ಕೈಯಲ್ಲಿದ್ದ ಕಾಲಕ್ಕಷ್ಟೇ ನಿಜ. ಅಸ್ಕಾರಿ 1952 ಮತ್ತು 1953ರಲ್ಲಿ ಫೆರಾರಿ ಕಾರಿನಲ್ಲೇ ವಿಶ್ವ ಚಾಂಪಿಯನ್ ಆದರು.

ಅಂದ ಹಾಗೆ, 1947ರ 125 ಎಸ್ ಕೂಡ ತನ್ನ ಮೊದಲ ಓಟವನ್ನು ಮುಗಿಸಲಿಲ್ಲ. ಮೇ 11ರಂದು ಪಿಯಾಚೆಂತ್ಸಾದಲ್ಲಿ ಫ್ರಾಂಕೊ ಕೊರ್ತೇಸೆ ಮುಂಚೂಣಿಯಲ್ಲಿದ್ದಾಗ ಪೆಟ್ರೋಲ್ ಪಂಪು ಕೆಟ್ಟಿತು. ವ್ಯತ್ಯಾಸವೆಂದರೆ, ಅದಕ್ಕೆ ಎರಡನೆಯ ಅವಕಾಶ ಸಿಕ್ಕಿತು; ಎರಡೇ ವಾರದಲ್ಲಿ, ಮೇ 25ರಂದು, ರೋಮಿನಲ್ಲಿ ಗೆದ್ದಿತು. ಆ ಕಾರಿನ ಗಾತ್ರವೂ ಒಂದೂವರೆ ಲೀಟರೇ, ಆದರೆ ಹನ್ನೆರಡು ಸಿಲಿಂಡರು, 52.5 ಮಿ.ಮೀ. ಸ್ಟ್ರೋಕು, ವಾಲ್ವುಗಳ ಮೇಲೆಯೇ ಕ್ಯಾಮ್ ಶಾಫ್ಟು. 815ರಲ್ಲಿದ್ದಂಥ ಪುಷ್ ರಾಡುಗಳೇ ಅದರಲ್ಲಿಲ್ಲ.

ನಿಮ್ಮ ಮುಖ್ಯ ಪ್ರಶ್ನೆಗೆ ಇಷ್ಟರಿಂದಲೇ ಉತ್ತರ ಹೊರಡುತ್ತದೆ. ಫಿಯಟ್ ಹೆಡ್ಡಿನಲ್ಲಿ ದೋಷವಿರಲಿಲ್ಲ. ಅದು ಯಾವ ಆರ್‌ಪಿಎಂಗೆ ಹುಟ್ಟಿತ್ತೋ ಅದನ್ನು ಮೀರಿ, ಮೀರಿದ್ದನ್ನು ಪರೀಕ್ಷಿಸಲು ಸಮಯ ಕೊಡದೆ ದುಡಿಸಿದ್ದೇ ಕಾರಣ.

ಇನ್ನು ನಿಮ್ಮ ಕಾರು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸಿದ 1100 ಡಿ, ಮುಂದೆ ಪದ್ಮಿನಿ ಎಂಬ ಹೆಸರಿನಲ್ಲಿ ನಮ್ಮ ಟ್ಯಾಕ್ಸಿ ಸ್ಟ್ಯಾಂಡುಗಳನ್ನೂ ಮದುವೆಯ ದಿಬ್ಬಣಗಳನ್ನೂ ತುಂಬಿದ ಕಾರು ಅದೇ. ಇಟಲಿಯಲ್ಲಿ 1100 ಡಿ ಕಾರಿಗೆ 1221 ಸಿ.ಸಿ.ಯ ಎಂಜಿನ್ ಬಂದರೂ ಭಾರತದಲ್ಲಿ 68 ಬೋರು, 75 ಸ್ಟ್ರೋಕಿನ 1089 ಸಿ.ಸಿ.ಯೇ ಉಳಿಯಿತು. ಅಂದರೆ 1937ರ 508 ಸಿ ಎಂಜಿನ್ನಿನ ಅಳತೆಯೇ ನಿಮ್ಮ ಮನೆಯಂಗಳದಲ್ಲಿದೆ. ಮೂರು ಮುಖ್ಯ ಬೇರಿಂಗಿನ ಕ್ರ್ಯಾಂಕು, ಪುಷ್ ರಾಡು, ರಾಕರು ಎಲ್ಲ ಆ ವಂಶದ್ದೇ. ನಿಮ್ಮ ತಮ್ಮನವರ ಹೆಮ್ಮೆಗೆ ಆಧಾರವಿದೆ.

ಆದರೆ ಅವರು ಗಮನಿಸದ ಒಂದು ಲೆಕ್ಕವಿದೆ. ನಿಮ್ಮ ಎಂಜಿನ್ ತನ್ನ ಸುಮಾರು 40 ಅಶ್ವಶಕ್ತಿಯನ್ನು ಕೊಡುವುದು 4800 ಆರ್‌ಪಿಎಂನಲ್ಲಿ. 75 ಮಿ.ಮೀ. ಸ್ಟ್ರೋಕಿಗೆ ಆಗ ಪಿಸ್ಟನ್ನಿನ ವೇಗ ಸೆಕೆಂಡಿಗೆ 12 ಮೀಟರು. 815ರ ಪಿಸ್ಟನ್ ಓಟದಲ್ಲಿ ಓಡಿದ್ದು 11 ಮೀಟರಿನಲ್ಲಿ! ನಿಮ್ಮ ತಂದೆಯವರ ಸಂಸಾರದ ಕಾರು ಈ ಒಂದು ವಿಷಯದಲ್ಲಿ ಆಗಲೇ ಆ ರೇಸಿನ ಕಾರನ್ನು ದಾಟಿ ನಿಂತಿದೆ. ಅದನ್ನು 6000ಕ್ಕೆ ಏರಿಸಿದರೆ ವೇಗ 15 ಮೀಟರಾಗುತ್ತದೆ, ರಾಡು ಮತ್ತು ಬೇರಿಂಗುಗಳ ಮೇಲಿನ ಹೊರೆ ಶೇ. 56ರಷ್ಟು ಏರುತ್ತದೆ. ಮಸ್ಸಿಮಿನೊ ಹೊಸ ಕ್ರ್ಯಾಂಕು ಬರೆದು ಸ್ಟ್ರೋಕನ್ನು ಇಳಿಸಿದ ಮೇಲೆಯೇ ಆರ್‌ಪಿಎಂ ಏರಿಸಿದರು. ಹಳೆಯ ಕ್ರ್ಯಾಂಕನ್ನೇ ಇಟ್ಟುಕೊಂಡು ಏರಿಸುವುದು ಅವರು ಮಾಡದ ಕೆಲಸ.

ನಿಮ್ಮ ಮುಂದೆ ಮೂರು ದಾರಿಗಳಿವೆ. ಮೊದಲನೆಯದು, ಕಂಪನಿಯ ಅಳತೆಗೆ ಸರಿಯಾಗಿ ಓವರ್‌ಹಾಲ್ ಮಾಡಿಸಿ ರ್‍ಯಾಲಿಗೆ ಒಯ್ಯುವುದು. ಹೊಗೆ ಹೆಚ್ಚಿದೆ ಎಂದಿದ್ದೀರಿ. ಅದು ನೀಲಿ ಹೊಗೆಯಾಗಿದ್ದರೆ ಪಿಸ್ಟನ್ನಿನ ರಿಂಗು ಸವೆದಿರಬಹುದು, ವಾಲ್ವುಗಳು ಜಾರಾಡುವ ಗೈಡುಗಳೂ ಸಡಿಲವಾಗಿರಬಹುದು. ಕಂಪ್ರೆಷನ್ ಪರೀಕ್ಷೆ (ಸಿಲಿಂಡರಿನೊಳಗಿನ ಒತ್ತಡದ ಅಳತೆ) ಮಾಡಿಸದೆ ಸಿಲಿಂಡರನ್ನು ಕೊರೆಸಿ ಬೋರ್ ದೊಡ್ಡದು ಮಾಡಿಸಲು ಒಪ್ಪಬೇಡಿ, ಏಕೆಂದರೆ ಒಮ್ಮೆ ಕೊರೆದ ಬೋರನ್ನು ಮತ್ತೆ ಚಿಕ್ಕದು ಮಾಡಲು ಒಳಗೆ ಸ್ಲೀವ್ ಎಂಬ ಕೊಳವೆ ಹಾಕಿಸಬೇಕಾಗುತ್ತದೆ. ಕ್ರ್ಯಾಂಕನ್ನು ಗ್ರೈಂಡಿಂಗಿಗೆ ಕೊಡುವ ಮೊದಲು ಬಿರುಕಿನ ಪರೀಕ್ಷೆ ಮಾಡಿಸಿ, ಕನೆಕ್ಟಿಂಗ್ ರಾಡುಗಳಿಗೂ ಮಾಡಿಸಿ. ಐವತ್ತು ದಾಟಿದ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರುವುದು ಅಪರೂಪವೇನಲ್ಲ. ರಾಕರ್ ಶಾಫ್ಟಿನ ಒಳಗಿನ ಎಣ್ಣೆಯ ಹಾದಿಯನ್ನು ಬಿಚ್ಚಿ ತೊಳೆಸಿ. ಹತ್ತರಲ್ಲಿ ಏಳೆಂಟು ಹಳೆಯ ಎಂಜಿನ್‌ಗಳಲ್ಲಿ ಅದು ಗಸಿ ಕಟ್ಟಿ ಅರ್ಧ ಮುಚ್ಚಿರುವುದನ್ನು ನಾನು ಕಂಡಿದ್ದೇನೆ. ಈಗಿನ ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರ್ ಪೈಪುಗಳನ್ನೂ ಪಂಪಿನ ಡಯಾಫ್ರಮ್ಮನ್ನೂ ತಿನ್ನುವುದರಿಂದ ಅವನ್ನು ಎಥನಾಲ್ ತಡೆಯುವ ವಸ್ತುವಿನದಕ್ಕೆ ಬದಲಿಸಿ. ಈ ದಾರಿಯಲ್ಲಿ ಅಪಾಯ ತೀರ ಕಡಿಮೆ; ಖರ್ಚಾಗುವುದು ತಾಳ್ಮೆ, ಮತ್ತು ಒಳ್ಳೆಯ ಲೇತ್ ಕೆಲಸದವರನ್ನು ಹುಡುಕುವ ಶ್ರಮ.

ಎರಡನೆಯದು, ಹದವಾದ ಟ್ಯೂನಿಂಗು. ಹೆಡ್ಡನ್ನು ಸ್ವಲ್ಪವೇ ಫೇಸಿಂಗ್ ಮಾಡಿಸಿ ಕಂಪ್ರೆಷನ್ ಏರಿಸುವುದು, ಪೋರ್ಟುಗಳ ಒರಟನ್ನು ಉಜ್ಜಿ ನಯಗೊಳಿಸುವುದು, ಕ್ರ್ಯಾಂಕು, ಫ್ಲೈವೀಲು, ಪಿಸ್ಟನ್ನುಗಳನ್ನು ತೂಗಿ ಬ್ಯಾಲೆನ್ಸ್ ಮಾಡಿಸುವುದು. ಇವುಗಳಲ್ಲಿ ಕೊನೆಯದನ್ನು ಮೊದಲ ದಾರಿಯಲ್ಲೂ ಮಾಡಿಸಿ ಎನ್ನುತ್ತೇನೆ; ಶಕ್ತಿ ಹೆಚ್ಚದಿದ್ದರೂ ಆಯುಷ್ಯ ಹೆಚ್ಚುತ್ತದೆ. ಫೇಸಿಂಗ್ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ನಿಮ್ಮ ಹೆಡ್ಡು ಐವತ್ತೇಳೆಂಟು ವರ್ಷಗಳಲ್ಲಿ ಎಷ್ಟು ಬಾರಿ ಬಾಗಿ, ಎಷ್ಟು ಬಾರಿ ಫೇಸಿಂಗ್ ಕಂಡಿದೆಯೋ ಮೊದಲು ದಪ್ಪ ಅಳೆದು ತಿಳಿಯಬೇಕು. ತೆಳುವಾದ ಹೆಡ್ಡು ಬಿಸಿಗೆ ಮತ್ತೆ ಬಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ. ಹೆಡ್ಡು ಕೆಳಗಿಳಿದಷ್ಟೂ ವಾಲ್ವು ಪಿಸ್ಟನ್ನಿಗೆ ಹತ್ತಿರವಾಗುತ್ತದೆ, ಪುಷ್ ರಾಡಿನ ಉದ್ದದ ಲೆಕ್ಕವೂ ತಪ್ಪುತ್ತದೆ.

ಎರಡು ಕಾರ್ಬ್ಯುರೇಟರಿನ ಬಗ್ಗೆ ನನ್ನ ಅನುಭವದಿಂದಲೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಕಾರು ನನ್ನ ಕೈಗೆ ಬಂತು. ಬೇರೊಂದು ಗ್ಯಾರೇಜಿನಲ್ಲಿ ಜೋಡಿ ಕಾರ್ಬ್ಯುರೇಟರ್, ಬಿಗಿಯಾದ ಸ್ಪ್ರಿಂಗುಗಳು ಎಲ್ಲವನ್ನೂ ಹಾಕಿಸಿದ್ದರು. ರಾಕರ್ ಶಾಫ್ಟು ಮಾತ್ರ ಹಳೆಯದೇ, ಎಣ್ಣೆಯ ಹಾದಿ ಮುಚ್ಚಿಕೊಂಡದ್ದು. ಘಾಟಿ ಏರುವಾಗ ಒಂದು ರಾಕರು ತುಂಡಾಗಿ, ಬಗ್ಗಿದ ಪುಷ್ ರಾಡು ತನ್ನನ್ನು ಕೆಳಗಿನಿಂದ ತಳ್ಳುವ ಟ್ಯಾಪೆಟ್ಟನ್ನೂ ಕೆಡಿಸಿತ್ತು. ಬಿಚ್ಚಿ ಮೇಜಿನ ಮೇಲಿಟ್ಟ ಆ ಭಾಗಗಳನ್ನು ನೋಡುತ್ತಾ ನಿಂತಾಗ ನನಗೆ ಆ ಓಟದ ರಸ್ತೆಯಲ್ಲಿ ನಿಂತುಹೋದ ಅಸ್ಕಾರಿಯ ಕಾರೇ ಕಣ್ಣಿಗೆ ಕಟ್ಟಿತು. ನಿಮ್ಮ ತಮ್ಮನವರು ಹಟ ಬಿಡದಿದ್ದರೆ, ಮೊದಲು ವಾಲ್ವುಗಳ ಏರ್ಪಾಡನ್ನು ಪೂರ್ತಿ ಹೊಸದು ಮಾಡಿಸಿ, 5000 ಆರ್‌ಪಿಎಂ ದಾಟುವುದಿಲ್ಲವೆಂದು ನೀವಿಬ್ಬರೂ ಒಪ್ಪಿಕೊಂಡ ಮೇಲೆಯೇ ಕಾರ್ಬ್ಯುರೇಟರಿನ ಮಾತು ಎತ್ತಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕೇ ಇರುವ ಕಾರು ಅದು; ಓಡುವ ಶಕ್ತಿ ಹೆಚ್ಚಿಸಿ ನಿಲ್ಲುವ ಶಕ್ತಿಯನ್ನು ಹಾಗೆಯೇ ಬಿಟ್ಟರೆ ಇಳಿಜಾರಿನಲ್ಲಿ ಅದರ ಫಲ ಕಾಣುತ್ತದೆ.

ಮೂರನೆಯದು, ಬೇರೆ ಎಂಜಿನ್ ಕೂರಿಸುವುದು, ಇಲ್ಲವೆ ಮೈಯನ್ನೇ ಕತ್ತರಿಸಿ 815ರಂತೆ ತೆರೆದ ಕಾರು ಮಾಡಿಸುವುದು. ನೀವು ಇದನ್ನು ಕೇಳಿಲ್ಲ, ಆದರೆ ಗ್ಯಾರೇಜಿನಲ್ಲಿ ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ. ದಯವಿಟ್ಟು ಬೇಡ. ತಯಾರಕರು ನಮೂದಿಸಿದ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಅಡ್ಡ ಬರುತ್ತದೆ. ಅಷ್ಟೇ ಅಲ್ಲ, ನೋಂದಣಿಯಾಗಿ ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಉಳಿದಿರುವ ವಾಹನಗಳನ್ನು ವಿಂಟೇಜ್ ಎಂದು ಪ್ರತ್ಯೇಕವಾಗಿ ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿದೆ. 1968ರ ನಿಮ್ಮ ಕಾರು ಅದಕ್ಕೆ ಅರ್ಹವಾಗುವ ವಯಸ್ಸಿನದು. ದೊಡ್ಡ ಬದಲಾವಣೆ ಮಾಡಿಸಿದರೆ ಆ ಅರ್ಹತೆಯನ್ನು ಕೈಯಾರೆ ಕಳೆದುಕೊಂಡಂತೆ. ಎರಡನೆಯ ದಾರಿಯಲ್ಲೂ, ಕೆಲಸಕ್ಕೆ ಕೈಹಾಕುವ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ, ಎಂಜಿನ್ ಸಂಖ್ಯೆ ಆರ್‌ಸಿ ಪುಸ್ತಕದ ಸಂಖ್ಯೆಗೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಿ.

ನನ್ನನ್ನು ಕೇಳಿದರೆ ಮೊದಲನೆಯ ದಾರಿಯೇ ಸರಿ, ಜೊತೆಗೆ ಬ್ಯಾಲೆನ್ಸಿಂಗ್ ಒಂದನ್ನು ಸೇರಿಸಿ. ಹಳೆಯ ಕಾರುಗಳ ರ್‍ಯಾಲಿ ಬಹುಮಟ್ಟಿಗೆ ವೇಗದ ಸ್ಪರ್ಧೆಯಲ್ಲ. ಗೊತ್ತುಪಡಿಸಿದ ಹೊತ್ತಿಗೆ ಗೊತ್ತುಪಡಿಸಿದ ಜಾಗ ಮುಟ್ಟುವ, ಮೂಲ ರೂಪ ಎಷ್ಟು ಉಳಿದಿದೆ ಎಂಬುದನ್ನು ತೀರ್ಪುಗಾರರು ನೋಡುವ ಕೂಟ. ಅಲ್ಲಿ 40 ಅಶ್ವಶಕ್ತಿಯ ನಿಮ್ಮ ಕಾರಿಗೆ ಯಾವ ಕೊರತೆಯೂ ಆಗುವುದಿಲ್ಲ. ಓವರ್‌ಹಾಲ್ ಆದ ಮೇಲೆ ಮೊದಲ ಸಾವಿರ ಕಿಲೋಮೀಟರು ನಿಧಾನವಾಗಿ ಓಡಿಸಿ, ಎಣ್ಣೆ ಬದಲಿಸಿ, ಹೆಡ್ಡಿನ ಬೋಲ್ಟುಗಳನ್ನು ಮತ್ತೊಮ್ಮೆ ಸರಿಯಾದ ಬಿಗಿಗೆ ತನ್ನಿ, ಟ್ಯಾಪೆಟ್ ಅಂತರ ಹೊಂದಿಸಿ. 815ಕ್ಕೆ ಸಿಗದ ಸಮಯ ನಿಮ್ಮ ಬಳಿ ಇದೆ.

ಕೊನೆಯದಾಗಿ ನಿಮ್ಮ ಇಟಲಿ ಪ್ರಯಾಣ. ಉಳಿದಿರುವ ಆ ಒಂದೇ 815 ಮೊಡೆನಾ ಮತ್ತು ಬೊಲೋನ್ಯಾ ನಡುವಿನ ಕಾಸ್ತೆಲ್‌ಫ್ರಾಂಕೊ ಎಮಿಲಿಯಾ ಬಳಿ, ಪಾಂತ್ಸಾನೊ ಕೋಟೆಯಲ್ಲಿರುವ ರಿಗೀನಿ ಕುಟುಂಬದ ಸಂಗ್ರಹದಲ್ಲಿ ಸೇರಿದೆ. ನಿಮ್ಮ ಮಗಳಿರುವ ಊರಿನಿಂದ ಅದು ದೂರವಲ್ಲ. ಖಾಸಗಿ ಸಂಗ್ರಹವಾದ್ದರಿಂದ ಮೊದಲೇ ಬರೆದು ಅನುಮತಿ ಪಡೆದು ಹೋಗಬೇಕು, ಕಾರು ಆ ದಿನ ಅಲ್ಲಿಯೇ ಇರುತ್ತದೆಯೇ ಎಂದೂ ಕೇಳಿಕೊಳ್ಳಬೇಕು. ಇಂಥ ಕಾರುಗಳನ್ನು ಪ್ರದರ್ಶನಗಳಿಗೆ ಒಯ್ಯುವುದುಂಟು. ಹೋಗುವಾಗ ನಿಮ್ಮ ಕಾರಿನ ಹೆಡ್ಡನ್ನು ಬಿಚ್ಚಿದಾಗ ತೆಗೆದ ಒಂದು ಚಿತ್ರವನ್ನು ಜೊತೆಗೆ ಒಯ್ಯಿರಿ, ನಿಮ್ಮ ತಮ್ಮನವರನ್ನೂ ಕರೆದೊಯ್ಯಿರಿ. ಬಾನೆಟ್ಟು ಎತ್ತಿ ತೋರಿಸುವಷ್ಟು ಸೌಜನ್ಯ ಅಲ್ಲಿಯವರು ತೋರಿದರೆ, ಆ ಉದ್ದನೆಯ ಬ್ಲಾಕಿನ ಮೇಲೆ ಒಂದರ ಹಿಂದೆ ಒಂದು ಕುಳಿತ ಎರಡು ಹೆಡ್ಡುಗಳ ಪಕ್ಕದಲ್ಲಿ ಆ ಚಿತ್ರವನ್ನು ಹಿಡಿದು ನೋಡಿ.